ಅನಿಲತಂತುಗಳೂ ನಕ್ಷತ್ರಗಳ ಜನನವೂ

(ವಿದ್ಯಾರ್ಥಿಗಳ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಕ್ಷತ್ರಗಳು ಹುಟ್ಟುವುವೆ? ಹುಟ್ಟುವುದಾದರೆ ಎಲ್ಲಿ, ಯಾವ ದ್ರವ್ಯದಿಂದ, ಯಾವ ಕ್ರಮದಿಂದ ಹುಟ್ಟುವುವು? ಈ ಪ್ರಶ್ನೆಗಳನ್ನು ಈ ದಿನದ ಮಾತಿಗೆ ವಿಷಯವಾಗಿ ಆರಿಸಿಕೊಂಡಿದ್ದೇವೆ. ವಿಷಯವು ಬಹು ದೂರದ್ದಾದರೂ ಅದನ್ನು ತಿಳಿಯಲು ಬೇಕಾದ ಮಾತುಗಳು ದೂರದವಲ್ಲ. ಎಳೆ, ಹುರಿ, ಗಂಟು, ಹಾಸು, ಹೊಕ್ಕು ಎಂಬ ಶಬ್ದಗಳನ್ನು ಸೊಲ್ಲಾಪುರದ ಜನಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಇಲ್ಲಿ ಕುಳಿತಿರುವ ಪೋಷಕರಲ್ಲಿ ಅನೇಕರು ಮಗ್ಗದ ಕೆಲಸವನ್ನು ಬಲ್ಲವರು. ನಕ್ಷತ್ರಗಳ ಜನನವನ್ನು ಕುರಿತು ಈಚಿನ ವಿಜ್ಞಾನಿಗಳು ಹೇಳುತ್ತಿರುವುದನ್ನು ಇತರರಿಗಿಂತ ಬೇಗನೆ ಗ್ರಹಿಸಬಲ್ಲವರು ಇವರೇ ಎಂದು ನಮ್ಮ ಭಾವನೆ. ಏಕೆಂದರೆ ಆಕಾಶದಲ್ಲಿ ನಕ್ಷತ್ರವು ಹುಟ್ಟುವುದಕ್ಕೆ ಮುಂಚೆ ಅನಿಲವು ನೂಲಿನಂತೆ ಎಳೆಎಳೆಯಾಗುತ್ತದೆ. ಆ ಎಳೆಯಲ್ಲಿ ಗಂಟುಗಳು ಬೀಳುತ್ತವೆ. ಆ ಗಂಟುಗಳೇ ಮುಂದೆ ನಕ್ಷತ್ರಗಳಾಗುತ್ತವೆ. ಈ ಮೂರು ಮಾತುಗಳನ್ನು ವಿಸ್ತರಿಸಿ ಹೇಳುವುದೇ ಇಂದಿನ ನಮ್ಮ ಕೆಲಸ.

ಬೆಳದಿಂಗಳಿಲ್ಲದ ರಾತ್ರಿ ಊರ ದೀಪಗಳಿಂದ ದೂರ ಹೋಗಿ ನಿಂತರೆ ಆಕಾಶಗಂಗೆಯು ಹಾಲು ಚೆಲ್ಲಿದಂತೆ ಕಾಣುವುದಷ್ಟೆ. ಆ ಬೆಳ್ಳನೆಯ ಪಟ್ಟಿಯ ನಡುನಡುವೆ ಅಲ್ಲಲ್ಲಿ ಕಪ್ಪು ಬಿರುಕುಗಳೂ ಕಲೆಗಳೂ ಇವೆ. ಹದಿನೆಂಟನೆಯ ಶತಮಾನದ ಮಹಾ ಖಗೋಳಜ್ಞನಾದ ವಿಲಿಯಂ ಹರ್ಷೆಲನು ಇಂತಹ ಕಡೆಗಳನ್ನು ಆಕಾಶದಲ್ಲಿನ ರಂಧ್ರಗಳೆಂದು ಭಾವಿಸಿದನು. ನಕ್ಷತ್ರವಿಲ್ಲದ ಕಡೆ ಏನೂ ಇಲ್ಲ ಎಂಬುದು ಆ ಕಾಲದ ತಿಳಿವಳಿಕೆ. ಕತ್ತಲೆಯೆಂದರೆ ಬರಿದು ಎಂದು ತಿಳಿಯುವುದು ಸಹಜವೇ ಸರಿ.

ಈ ತಿಳಿವಳಿಕೆಯನ್ನು ಅಲುಗಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್. ಇವನ ಜೀವನಕಥೆಯನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಕೇಳತಕ್ಕದ್ದು. ಇವನು 1857ರಲ್ಲಿ ನ್ಯಾಶ್‌ವಿಲ್ ಎಂಬ ಊರಿನಲ್ಲಿ ಕಡುಬಡತನದಲ್ಲಿ ಹುಟ್ಟಿದನು. ಹುಟ್ಟುವುದಕ್ಕೆ ಮೊದಲೇ ತಂದೆ ತೀರಿಹೋಗಿದ್ದನು. ಶಾಲೆಯ ಮೆಟ್ಟಿಲನ್ನು ಹತ್ತಿದ್ದು ಸುಮಾರು ಎರಡು ತಿಂಗಳು ಮಾತ್ರ. ಉಳಿದುದನ್ನೆಲ್ಲ ತಾಯಿಯೇ ಕಲಿಸಿದಳು. ಒಂಬತ್ತನೆಯ ವಯಸ್ಸಿನಲ್ಲಿ ಹುಡುಗನು ಒಂದು ಛಾಯಾಚಿತ್ರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನು. ದೊಡ್ಡವನಾದ ಮೇಲೆ ರಾತ್ರಿಯ ಹೊತ್ತು ತನ್ನ ಸಣ್ಣ ದೂರದರ್ಶಕದಿಂದ ಧೂಮಕೇತುಗಳನ್ನು ಹುಡುಕತೊಡಗಿದನು. ಹೊಸ ಧೂಮಕೇತುವನ್ನು ಕಂಡುಹಿಡಿದವರಿಗೆ ಆ ಕಾಲದಲ್ಲಿ 200 ಡಾಲರುಗಳ ಬಹುಮಾನವಿದ್ದಿತು. ಬಹುಮಾನದ ಆ ಹಣದಿಂದ ಅವನು ಒಂದು ಮನೆಯನ್ನೇ ಕಟ್ಟಿಕೊಂಡನು. ಜನರು ಅದನ್ನು ಧೂಮಕೇತುಗಳ ಮನೆಯೆಂದು ಕರೆದರು. ಇವನ ಶ್ರದ್ಧೆಯನ್ನು ಕಂಡ ಊರಿನ ಖಗೋಳಾಭ್ಯಾಸಿಗಳು ತಮ್ಮಲ್ಲಿಯೇ ಚಂದಾ ಎತ್ತಿ ಇವನನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಚಂದಾಹಣದಿಂದ ನಡೆಯುವ ಶಾಲೆಯ ಸಭೆಯಲ್ಲಿ ಈ ಸಂಗತಿಯನ್ನು ಹೇಳಲು ನಮಗೆ ವಿಶೇಷ ಸಂತೋಷವಾಗುತ್ತದೆ. ಆ ಊರಿನವರು ಕೊಟ್ಟ ಹಣವು ಲೋಕಕ್ಕೆ ಎಂತಹ ಫಲವನ್ನು ತಂದಿತೆಂಬುದನ್ನು ಮುಂದೆ ನೋಡೋಣ.

ಬಾರ್ನಾರ್ಡನು ಮುಂದೆ ಲಿಕ್ ವೇಧಶಾಲೆಯಲ್ಲಿಯೂ ಯರ್ಕಿಸ್ ವೇಧಶಾಲೆಯಲ್ಲಿಯೂ ಕೆಲಸ ಮಾಡಿದನು; 1892ರಲ್ಲಿ ಗುರುಗ್ರಹದ ಐದನೆಯ ಉಪಗ್ರಹವನ್ನು ಕಂಡುಹಿಡಿದನು. ಆದರೆ ಅವನ ಚಿರಸ್ಥಾಯಿಯಾದ ಕಾರ್ಯವೆಂದರೆ ಆಕಾಶಗಂಗೆಯ ಛಾಯಾಚಿತ್ರಗಳು. ಬಾಲ್ಯದ ಅಂಗಡಿಯ ಕಸುಬು ಇಲ್ಲಿ ಅವನ ಕೈಹಿಡಿಯಿತು. ಗಂಟೆಗಟ್ಟಲೆ ಬೆಳಕಿಗೊಡ್ಡಿದ ಅವನ ಫಲಕಗಳಲ್ಲಿ ಕಪ್ಪು ಓಣಿಗಳೂ ಸುರುಳಿಗಳೂ ಸ್ಪಷ್ಟವಾಗಿ ಮೂಡಿದವು. ಇವು ರಂಧ್ರಗಳೋ ಮುಸುಕುಗಳೋ ಎಂದು ಅವನು ಬಹುಕಾಲ ನಿರ್ಧರಿಸಲಾರದೆ ಹೋದನು. 1913ರ ಬೇಸಿಗೆಯ ಒಂದು ನಿರ್ಮಲ ರಾತ್ರಿಯಲ್ಲಿ ಅವನು ಧನುರಾಶಿಯ ಕಡೆಯ ಆಕಾಶಗಂಗೆಯನ್ನು ಚಿತ್ರಿಸುತ್ತಿದ್ದಾಗ ನಮ್ಮ ಭೂಮಿಯವೇ ಆದ ಸಣ್ಣ ಸಣ್ಣ ಮೋಡಗಳು ಆ ಬೆಳಕಿನ ಎದುರು ಮಸಿಯ ಹನಿಗಳಂತೆ ಕಪ್ಪಾಗಿ ಕಂಡವು. ತನ್ನ ಫಲಕಗಳಲ್ಲಿನ ಕಲೆಗಳೂ ಹೀಗೆಯೇ ಇರುವುವಲ್ಲ ಎಂದು ಅವನಿಗೆ ಹೊಳೆಯಿತು. 1919ರಲ್ಲಿ ಅವನು 182 ಕಪ್ಪು ಕಲೆಗಳ ಪಟ್ಟಿಯನ್ನು ಪ್ರಕಟಿಸಿದನು. ಅವನು 1923ರಲ್ಲಿ ತೀರಿಕೊಂಡ ಮೇಲೆ, 1927ರಲ್ಲಿ ಅವನ ಆಕಾಶಗಂಗೆಯ ಚಿತ್ರಸಂಪುಟವು ಹೊರಬಂದಿತು. ಅದರಲ್ಲಿ ಅವನು ಕೊಟ್ಟ ಅಂಕೆಗಳಿಂದಲೇ ಇಂದಿಗೂ ಆ ಮೇಘಗಳನ್ನು ಕರೆಯುತ್ತಾರೆ.

ನಕ್ಷತ್ರಗಳ ನಡುವೆ ಸಣ್ಣ ಧೂಳು ಹರಡಿಕೊಂಡು ಹಿಂದಿನ ಬೆಳಕನ್ನು ಕುಂದಿಸುತ್ತದೆಯೆಂಬುದನ್ನು 1930ರಲ್ಲಿ ರಾಬರ್ಟ್ ಟ್ರಂಪ್ಲರ್ ನಕ್ಷತ್ರಗುಚ್ಛಗಳ ದೂರವನ್ನು ಅಳೆದು ಸಿದ್ಧಪಡಿಸಿದನು. ಹರ್ಷೆಲನು ರಂಧ್ರವೆಂದುಕೊಂಡುದು ತುಂಬಿದ ಸ್ಥಳವಾಗಿದ್ದಿತು. ತುಂಬಿದ್ದುದರಿಂದಲೇ ಅದು ಕಪ್ಪಾಗಿದ್ದಿತು.

ಈ ಮೇಘಗಳಲ್ಲಿ ಏನಿದೆ? ತೂಕದಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಜಲಜನಕ. ಉಳಿದುದರಲ್ಲಿ ಬಹುಪಾಲು ಹೀಲಿಯಂ. ಇಂಗಾಲ, ಆಮ್ಲಜನಕ ಮೊದಲಾದುವು ಸ್ವಲ್ಪ ಮಾತ್ರ. ಧೂಳು ಒಟ್ಟು ತೂಕದ ನೂರರಲ್ಲಿ ಒಂದು ಪಾಲು. ಮೇಘವೆಂಬ ಹೆಸರನ್ನು ಕೇಳಿ ಮಳೆಗಾಲದ ಮೋಡದಂತೆ ಅದು ದಟ್ಟವಾಗಿರುವುದೆಂದು ತಿಳಿಯಬಾರದು. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ, ಎಂದರೆ ಒಂದು ಬೆರಳ ತುದಿಯಷ್ಟು ಜಾಗದಲ್ಲಿ, 25ರ ಮುಂದೆ 18 ಸೊನ್ನೆಗಳನ್ನು ಇಟ್ಟಷ್ಟು ಅಣುಗಳಿವೆ. ನಕ್ಷತ್ರಗಳು ಹುಟ್ಟುವ ಮೇಘದ ದಟ್ಟವಾದ ಭಾಗದಲ್ಲಿಯಾದರೋ ಅಷ್ಟೇ ಜಾಗಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಅಣುಗಳು ಇದ್ದರೆ ಹೆಚ್ಚು. ಆದರೂ ಆ ಮೇಘಗಳು ಹತ್ತಾರು ಜ್ಯೋತಿರ್ವರ್ಷಗಳಷ್ಟು ವಿಸ್ತಾರವಾಗಿರುವುದರಿಂದ ಒಂದೊಂದರಲ್ಲಿಯೂ ಸಾವಿರಾರು ಸೂರ್ಯರಿಗೆ ಸಾಲುವಷ್ಟು ದ್ರವ್ಯವಿರಬಹುದು. ಒಂದು ಜ್ಯೋತಿರ್ವರ್ಷವೆಂದರೆ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರುಗಳೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮೇಘದೊಳಗಣ ಚಳಿಯೂ ಅಸಾಧಾರಣವಾದುದು. ಸೊನ್ನೆಗಿಂತ ಕೆಳಗೆ ಸುಮಾರು 263 ಡಿಗ್ರಿ ಸೆಲ್ಸಿಯಸ್. ನಕ್ಷತ್ರವೆಂಬ ಮಹಾಗ್ನಿಯು ಇಷ್ಟು ಕೊರೆಯುವ ಚಳಿಯಲ್ಲಿ ಜನಿಸಬೇಕಾಗಿದೆ. ಇದಕ್ಕೆ ಕಾರಣವನ್ನು ಮುಂದೆ ಹೇಳುವೆವು.

ಕಪ್ಪಾದುದನ್ನು ನೋಡುವುದು ಹೇಗೆ? ಕಣ್ಣಿಗೆ ಕಾಣುವ ಬೆಳಕು ಧೂಳಿನಲ್ಲಿ ತಡೆದು ನಿಲ್ಲುತ್ತದೆ. ಆದರೆ ರೇಡಿಯೋ ಅಲೆಗಳು ಧೂಳನ್ನು ದಾಟಿ ಬರುತ್ತವೆ. 1951ರಲ್ಲಿ ಈವನ್ ಮತ್ತು ಪರ್ಸೆಲ್ ಎಂಬವರು ಜಲಜನಕ ಪರಮಾಣುವಿನಿಂದ ಹೊರಡುವ 21 ಸೆಂಟಿಮೀಟರ್ ಉದ್ದದ ಅಲೆಯನ್ನು ಹಿಡಿದರು. ನಮ್ಮ ಸೊಲ್ಲಾಪುರದ ನೆರೆಯಲ್ಲಿಯೇ ಇರುವ ಪುಣೆ ಜಿಲ್ಲೆಯ ಖೊಡದ್ ಗ್ರಾಮದ ಬಳಿ 45 ಮೀಟರ್ ಅಗಲದ 30 ತಟ್ಟೆಗಳುಳ್ಳ ಬೃಹತ್ ರೇಡಿಯೋ ದೂರದರ್ಶಕವಿದೆ. ಗೋವಿಂದ ಸ್ವರೂಪರ ನಾಯಕತ್ವದಲ್ಲಿ ಕಟ್ಟಿದ ಆ ಸಾಧನವು ಈ ಜಲಜನಕದ ಅಲೆಯನ್ನೂ ಹಿಡಿಯಬಲ್ಲದು. ಆದರೆ ದಟ್ಟವಾದ ಚಳಿಮೇಘದಲ್ಲಿ ಜಲಜನಕದ ಪರಮಾಣುಗಳು ಎರಡೆರಡಾಗಿ ಕೂಡಿ ಅಣುಗಳಾಗಿರುವುವು. ಆ ಅಣುಗಳು ಅಷ್ಟು ಚಳಿಯಲ್ಲಿ ಮೌನವಾಗಿರುವುವು. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆನ್ಜಿಯಾಸ್ ಎಂಬ ಮೂವರು ಮಹಾವ್ಯಾಧ ನೀಹಾರಿಕೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಣುವಿನ ಅಲೆಯನ್ನು ಕಂಡುಹಿಡಿದ ಮೇಲೆ, ಆ ಅಣುವನ್ನೇ ದೂತನನ್ನಾಗಿ ಮಾಡಿಕೊಂಡು ಜಲಜನಕವು ಎಲ್ಲೆಲ್ಲಿದೆಯೆಂಬುದನ್ನು ತಿಳಿಯುವುದು ಸಾಧ್ಯವಾಯಿತು.

ಈ ಮೇಘಗಳು ಉಂಡೆಗಳಂತಿಲ್ಲ, ಉದ್ದುದ್ದವಾಗಿ ಎಳೆದಂತಿವೆ ಎಂಬುದನ್ನು ಬಾರ್ನಾರ್ಡನ ಚಿತ್ರಗಳೇ ತೋರಿಸಿದ್ದವು. 1979ರಲ್ಲಿ ಷ್ನೈಡರ್ ಮತ್ತು ಎಲ್ಮೆಗ್ರೀನ್ ಎಂಬವರು, ಮಣಿಗಳನ್ನು ಪೋಣಿಸಿದಂತೆ ನಡುನಡುವೆ ಗಂಟುಗಳಿರುವ 23 ಕಪ್ಪು ತಂತುಗಳ ಪಟ್ಟಿಯನ್ನು ಮಾಡಿದರು. ಆದರೆ ಇವು ಎಲ್ಲೋ ಕೆಲವು ವಿಶೇಷಗಳೋ, ಅಥವಾ ಎಲ್ಲ ಮೇಘಗಳ ಸ್ವಭಾವವೋ ಎಂಬುದು ತೀರ್ಮಾನವಾಗದೆ ಉಳಿಯಿತು.

ಅದನ್ನು ತೀರ್ಮಾನಿಸಿದುದು ಒಂದು ಆಕಾಶಯಾನ ದೂರದರ್ಶಕ. ಐರೋಪ್ಯರು 2009ನೆಯ ಇಸವಿ ಮೇ 14ರಂದು ಹಾರಿಸಿದ ಈ ದೂರದರ್ಶಕಕ್ಕೆ, 1800ರಲ್ಲಿ ಅವಕೆಂಪು ಕಿರಣಗಳನ್ನು ಕಂಡುಹಿಡಿದ ಆ ವಿಲಿಯಂ ಹರ್ಷೆಲನ ಹೆಸರನ್ನೇ ಇಟ್ಟರು. ಅದರ ಕನ್ನಡಿ 3.5 ಮೀಟರ್ ಅಗಲ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು, ದ್ರವರೂಪದ ಹೀಲಿಯಂನಿಂದ ತನ್ನ ಉಪಕರಣಗಳನ್ನು ತಣ್ಣಗಿಟ್ಟುಕೊಂಡು, ಚಳಿಯ ಧೂಳು ಹೊರಸೂಸುವ ಅತಿ ಕ್ಷೀಣವಾದ ಅವಕೆಂಪು ಕಿರಣವನ್ನು ಅದು ಹಿಡಿಯಿತು. 2013ನೆಯ ಏಪ್ರಿಲ್ 29ರಂದು ಹೀಲಿಯಂ ತೀರಿದುದರಿಂದ ಅದರ ಕೆಲಸ ಮುಗಿಯಿತು. ಅಷ್ಟರೊಳಗೆ ಫಿಲಿಪ್ ಆಂದ್ರೆಯವರ ನೇತೃತ್ವದ ತಂಡವು ನಮ್ಮ ಸೂರ್ಯನ ನೆರೆಹೊರೆಯ ಮೇಘಗಳನ್ನೆಲ್ಲ ಚಿತ್ರಿಸಿದ್ದಿತು. ಯಾವ ಮೇಘವನ್ನು ನೋಡಿದರೂ ತಂತುಗಳೇ ತಂತುಗಳು! ನಕ್ಷತ್ರಗಳು ಹುಟ್ಟುತ್ತಿರುವ ಮೇಘದಲ್ಲಿಯೂ ತಂತುಗಳು; ಇನ್ನೂ ಒಂದು ನಕ್ಷತ್ರವೂ ಹುಟ್ಟದ ಮೇಘದಲ್ಲಿಯೂ ತಂತುಗಳು. ಈ ಎರಡನೆಯ ಮಾತು ಬಹು ಮುಖ್ಯವಾದುದು. ನಕ್ಷತ್ರಗಳು ಹುಟ್ಟಿದ ಮೇಲೆ ಅವುಗಳ ರಭಸದಿಂದ ತಂತುಗಳಾಗಿದ್ದರೆ, ಬಂಜೆಯಾದ ಮೇಘದಲ್ಲಿ ತಂತುಗಳಿರಬಾರದಾಗಿದ್ದಿತು. ಆದುದರಿಂದ ತಂತು ಮೊದಲು, ನಕ್ಷತ್ರ ಅನಂತರ ಎಂಬುದು ಸ್ಪಷ್ಟವಾಯಿತು.

ತಂತುಗಳು ಹೇಗೆ ಉಂಟಾಗುವುವು? ಮೇಘದೊಳಗಣ ಅನಿಲವು ಸುಮ್ಮನೆ ನಿಂತಿಲ್ಲ. ಹಿಂದೆ ಸಿಡಿದುಹೋದ ಮಹಾನಕ್ಷತ್ರಗಳ ಹೊಡೆತದಿಂದಲೂ ಇತರ ಕಾರಣಗಳಿಂದಲೂ ಅದು ಪ್ರಕ್ಷುಬ್ಧವಾಗಿರುತ್ತದೆ. ಅಷ್ಟು ಚಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 200 ಮೀಟರ್ ಮಾತ್ರ; ಅನಿಲದ ಪ್ರವಾಹಗಳು ಅದಕ್ಕಿಂತ ಹಲವು ಪಟ್ಟು ವೇಗವಾಗಿ ಹರಿಯುತ್ತವೆ. ಇಂತಹ ಪ್ರವಾಹಗಳು ಒಂದಕ್ಕೊಂದು ಎದುರಾಗಿ ಬಡಿದಾಗ ನಡುವಿನ ಅನಿಲವು ಚಪ್ಪಟೆಯಾಗಿ ಹಾಳೆಯಂತಾಗುತ್ತದೆ. ಹಾಳೆ ಹಾಳೆಗಳು ಸೇರಿದಲ್ಲಿ ಎಳೆಯಾಗುತ್ತದೆ. ಇದಲ್ಲದೆ ಮೇಘದಲ್ಲೆಲ್ಲ ಕ್ಷೀಣವಾದ ಕಾಂತಕ್ಷೇತ್ರವು ವ್ಯಾಪಿಸಿದೆ. ವಿದ್ಯುದಾವೇಶವುಳ್ಳ ಕಣಗಳು ಕಾಂತರೇಖೆಗಳ ಗುಂಟ ಸುಲಭವಾಗಿ ಸರಿಯುವುವು. ರೇಖೆಗಳನ್ನು ಅಡ್ಡಹಾಯ್ದು ಹೋಗುವುದು ಅವಕ್ಕೆ ಕಷ್ಟ. ಹೀಗಾಗಿ ಅನಿಲದ ಓಟಕ್ಕೆ ದಾರಿ ಏರ್ಪಡುತ್ತದೆ. 2009ರಿಂದ 2013ರವರೆಗೆ ಕೆಲಸ ಮಾಡಿದ ಪ್ಲಾಂಕ್ ಎಂಬ ಇನ್ನೊಂದು ಉಪಗ್ರಹವು ಧೂಳಿನ ಕಿರಣಗಳ ಧ್ರುವೀಕರಣವನ್ನು ಅಳೆದು ಒಂದು ಸ್ವಾರಸ್ಯವಾದ ಸಂಗತಿಯನ್ನು ತೋರಿಸಿತು. ತೆಳುವಾದ ಎಳೆಗಳು ಸಾಮಾನ್ಯವಾಗಿ ಕಾಂತರೇಖೆಗಳ ಗುಂಟ ಚಾಚಿರುವುವು. ದಟ್ಟವಾದ ಮುಖ್ಯ ತಂತುಗಳು ಸಾಮಾನ್ಯವಾಗಿ ಆ ರೇಖೆಗಳಿಗೆ ಅಡ್ಡವಾಗಿರುವುವು. ಒಂದು ಹಾಸಿನಂತೆ, ಇನ್ನೊಂದು ಹೊಕ್ಕಿನಂತೆ! ವೃಷಭ ರಾಶಿಯ ಮೇಘದಲ್ಲಿ ಬಾರ್ನಾರ್ಡನು 211 ಮತ್ತು 213 ಎಂಬ ಅಂಕೆಗಳನ್ನು ಕೊಟ್ಟ ತಂತುವಿನ ಎರಡು ಪಕ್ಕಗಳಲ್ಲಿಯೂ ಇಂತಹ ಸಣ್ಣ ಎಳೆಗಳು ಅಡ್ಡಲಾಗಿ ಬಂದು ಕೂಡುವುವು. ಅವುಗಳ ಗುಂಟ ಅನಿಲವು ಹರಿದುಬಂದು ಮುಖ್ಯ ತಂತುವನ್ನು ಕೊಬ್ಬಿಸುತ್ತಿರುವಂತೆ ಕಾಣುತ್ತದೆ.

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಎಲ್ಲ ಮೇಘಗಳಲ್ಲಿಯೂ ತಂತುಗಳಿದ್ದರೆ ಎಲ್ಲದರಲ್ಲಿಯೂ ನಕ್ಷತ್ರಗಳು ಏಕೆ ಹುಟ್ಟುವುದಿಲ್ಲ?

ನೂಲಿನ ನಂಬರನ್ನು ನಿರ್ಣಯಿಸುವುದು ಹೇಗೆಂದು ಇಲ್ಲಿಯ ನೇಕಾರರು ಬಲ್ಲರು. ನೂಲಿನ ದಪ್ಪವನ್ನು ಅಳೆಯುವುದಿಲ್ಲ. ಇಷ್ಟು ತೂಕಕ್ಕೆ ಎಷ್ಟು ಉದ್ದವೆಂದು ನೋಡುತ್ತಾರೆ. ಅನಿಲತಂತುವಿನ ಭವಿಷ್ಯವನ್ನು ನಿರ್ಣಯಿಸುವ ಲೆಕ್ಕವೂ ಇದೇ! ತಂತುವಿನಲ್ಲಿ ಎರಡು ಬಲಗಳು ಪರಸ್ಪರ ಸೆಣಸುತ್ತಿರುವುವು. ಅನಿಲದ ಒತ್ತಡವು ಅದನ್ನು ಹೊರಕ್ಕೆ ಅರಳಿಸಬೇಕೆನ್ನುತ್ತದೆ; ಅದರದೇ ಗುರುತ್ವಾಕರ್ಷಣೆಯು ಒಳಕ್ಕೆ ಕುಗ್ಗಿಸಬೇಕೆನ್ನುತ್ತದೆ. ಅನಿಲವು ಕುಗ್ಗಿ ದಟ್ಟವಾಗುವುದಕ್ಕೆ ಬೇಕಾದ ನಿಯಮವನ್ನು ಜೇಮ್ಸ್ ಜೀನ್ಸನು 1902ರಲ್ಲಿಯೇ ಹೇಳಿದ್ದನು. ಉದ್ದವಾದ ಕಂಬದಂತಹ ಅನಿಲಕ್ಕೆ ಅದನ್ನು ಅನ್ವಯಿಸಿದವರು ಅನಂತರದ ಗಣಿತಜ್ಞರು. ಮದರಾಸಿನಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರು ಎನ್ರಿಕೊ ಫರ್ಮಿಯೊಡನೆ ಸೇರಿ 1953ರಲ್ಲಿ ಇಂತಹ ಅನಿಲಸ್ತಂಭವು ತನ್ನ ಭಾರದಿಂದ ತುಂಡಾಗುವುದನ್ನು ಗಣಿಸಿ, ಉದ್ದಕ್ಕೆ ಹರಿದ ಕಾಂತಕ್ಷೇತ್ರವು ಆ ತುಂಡಾಗುವಿಕೆಯನ್ನು ತಡೆಹಿಡಿಯುತ್ತದೆಂದು ತೋರಿಸಿದರು. 1964ರಲ್ಲಿ ಜೆರೆಮಯಾ ಆಸ್ಟ್ರೈಕರನು ಒಂದೇ ಉಷ್ಣತೆಯ ಅನಿಲಸ್ತಂಭದ ಸಮತೋಲವನ್ನು ವಿವರಿಸಿದನು. ಇವರ ಲೆಕ್ಕದಿಂದ ಹೊರಡುವ ಫಲಿತಾಂಶವು ಆಶ್ಚರ್ಯಕರವಾದುದು. ತಂತುವು ತೋರವಾಗಿರಲಿ ಸಣ್ಣದಾಗಿರಲಿ, ಅದು ಒತ್ತಡದಿಂದ ತಡೆದು ನಿಲ್ಲಬಲ್ಲುದೇ ಇಲ್ಲವೇ ಎಂಬುದು ಉದ್ದಕ್ಕೆ ತೂಕವೆಷ್ಟೆಂಬುದನ್ನೂ ಉಷ್ಣತೆಯನ್ನೂ ಮಾತ್ರ ಅವಲಂಬಿಸಿದೆ. ಸೊನ್ನೆಗಿಂತ 263 ಡಿಗ್ರಿ ಕೆಳಗಿನ ಚಳಿಯಲ್ಲಿ ಈ ಮಿತಿಯು ಒಂದು ಜ್ಯೋತಿರ್ವರ್ಷದ ಉದ್ದಕ್ಕೆ ಸುಮಾರು ಐದು ಸೂರ್ಯರ ತೂಕ. ಅದಕ್ಕಿಂತ ಹಗುರವಾದ ತಂತುವು ಹಾಗೆಯೇ ನಿಲ್ಲುವುದು, ಇಲ್ಲವೆ ಚದರಿಹೋಗುವುದು. ಅದನ್ನು ಮೀರಿದ ತಂತುವು ಕುಗ್ಗಿ ತುಂಡುಗಳಾಗಲೇಬೇಕು. ಅನಿಲವು ಬಿಸಿಯಾದಷ್ಟೂ ಒತ್ತಡವು ಹೆಚ್ಚಿ, ಈ ಮಿತಿಯೂ ಹೆಚ್ಚುತ್ತದೆ. ನಕ್ಷತ್ರವು ಚಳಿಯಲ್ಲಿಯೇ ಏಕೆ ಹುಟ್ಟಬೇಕು ಎಂದು ಹಿಂದೆ ಕೇಳಿದ ಪ್ರಶ್ನೆಗೆ ಉತ್ತರವು ಇಲ್ಲಿದೆ. ಚಳಿಯಲ್ಲಿ ಒತ್ತಡವು ಕುಂದುವುದರಿಂದಲೇ ಗುರುತ್ವಾಕರ್ಷಣೆಗೆ ಜಯ ದೊರೆಯುವುದು.

ಹರ್ಷೆಲ್ ದೂರದರ್ಶಕದ ಚಿತ್ರಗಳು ಈ ಲೆಕ್ಕವನ್ನು ಪರೀಕ್ಷೆಗೆ ಒಡ್ಡಿದವು. ಧ್ರುವನಕ್ಷತ್ರದ ದಿಕ್ಕಿನಲ್ಲಿ ಒಂದು ಮೇಘವಿದೆ. ಅದರ ತಂತುಗಳೆಲ್ಲ ಮಿತಿಗಿಂತ ಹಗುರ. ಅಲ್ಲಿ ನಕ್ಷತ್ರಜನನವು ಕಾಣಲಿಲ್ಲ. ಶ್ರವಣ ನಕ್ಷತ್ರವಿರುವ ಗರುಡಪುಂಜದ ಮೇಘದಲ್ಲಿ ಅನೇಕ ತಂತುಗಳು ಮಿತಿಯನ್ನು ಮೀರಿದ ಭಾರದವು. ಅಲ್ಲಿ ನೂರಾರು ಗಂಟುಗಳು ಕಂಡವು. ನಕ್ಷತ್ರವಾಗಲು ಸಿದ್ಧವಾದ ಆ ಗಂಟುಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಭಾರವಾದ ತಂತುಗಳ ಮೇಲೆಯೇ ಕುಳಿತಿದ್ದವು. ತಂತುವಿಗೂ ನಕ್ಷತ್ರಕ್ಕೂ ಇರುವ ಸಂಬಂಧವು ಕಾಕತಾಳೀಯವಲ್ಲವೆಂದು ಇದರಿಂದ ತಿಳಿದುಬಂದಿತು.

ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಧಾರೆಯನ್ನು ಮಕ್ಕಳು ಗಮನಿಸಿರಬಹುದು. ಸ್ವಲ್ಪ ದೂರ ಎಳೆಯಾಗಿ ಬಂದು ಅನಂತರ ಅದು ಹನಿಹನಿಯಾಗಿ ಒಡೆಯುವುದು. ಅಲ್ಲಿ ಒಡೆಯಿಸುವುದು ನೀರಿನ ಮೇಲ್ಮೈಯ ಬಿಗಿತ, ಇಲ್ಲಿಯಾದರೋ ಗುರುತ್ವಾಕರ್ಷಣೆ. ಬಲಗಳು ಬೇರೆಯಾದರೂ ಎಳೆಯಿಂದ ಹನಿಯಾಗುವ ರೀತಿಯು ಒಂದೇ ತೆರನಾದುದು. ತುಂಡಾದ ಪ್ರತಿಯೊಂದು ಗಂಟೂ ತನ್ನ ಭಾರದಿಂದ ಕುಸಿಯತೊಡಗುವುದು. ಕೆಲವು ಲಕ್ಷ ವರ್ಷಗಳಲ್ಲಿ ನಡುವೆ ಒಂದು ಎಳೆಯ ನಕ್ಷತ್ರವೂ ಅದರ ಸುತ್ತ ಸುಳಿಯುವ ಒಂದು ತಟ್ಟೆಯೂ ಏರ್ಪಡುವುವು. ಆ ತಟ್ಟೆಯ ದ್ರವ್ಯದಿಂದಲೇ ಮುಂದೆ ಗ್ರಹಗಳಾಗುವುವು. ಗಂಟಿನ ಅನಿಲವೆಲ್ಲ ನಕ್ಷತ್ರಕ್ಕೆ ಸೇರುವುದಿಲ್ಲ. ಬಹುಪಾಲು ಚಿಲುಮೆಗಳಾಗಿ ಎರಡು ಕಡೆಗೂ ಚಿಮ್ಮಿಹೋಗುವುದು. ಕುಸಿದ ಅನಿಲವು ಕಾದು ಕಾದು, ಒಳಗಣ ಉಷ್ಣತೆಯು ಒಂದು ಕೋಟಿ ಡಿಗ್ರಿಯ ಪ್ರಮಾಣಕ್ಕೆ ಮುಟ್ಟಿದಾಗ ಜಲಜನಕವು ಹೀಲಿಯಂ ಆಗತೊಡಗಿ ನಕ್ಷತ್ರವು ಸ್ವಂತ ಬಲದಿಂದ ಬೆಳಗುವುದು. ನಮ್ಮ ಸೂರ್ಯನಂತಹ ನಕ್ಷತ್ರವು ಆ ಸ್ಥಿರಾವಸ್ಥೆಗೆ ಬರಲು ಸುಮಾರು ನಾಲ್ಕೈದು ಕೋಟಿ ವರ್ಷಗಳು ಬೇಕು.

ಈಚೆಗೆ ಇದಕ್ಕೆ ಇನ್ನೊಂದು ಸಾಕ್ಷಿ ದೊರೆತಿದೆ. 2021ನೆಯ ಡಿಸೆಂಬರ್ 25ರಂದು ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕವು ತೆಗೆದ ಸರ್ಪಪುಂಜದ ಒಂದು ಮೇಘದ ಚಿತ್ರವನ್ನು 2024ರಲ್ಲಿ ಪ್ರಕಟಿಸಿದರು. 1,300 ಜ್ಯೋತಿರ್ವರ್ಷಗಳ ದೂರದ ಆ ಮೇಘದಲ್ಲಿ ಎಳೆಯ ನಕ್ಷತ್ರಗಳ ಚಿಲುಮೆಗಳು ಗಾಳಿಗೆ ಓರೆಯಾಗಿ ಬೀಳುವ ಮಳೆಯಂತೆ ಎಲ್ಲವೂ ಒಂದೇ ಕಡೆಗೆ ಓರೆಯಾಗಿವೆ. ಅವುಗಳ ತಿರುಗುವಿಕೆಯ ದಿಕ್ಕು ಒಂದೇ ಆಗಿದ್ದರಲ್ಲದೆ ಹೀಗಾಗದು. ಒಂದೇ ತಂತುವಿನಲ್ಲಿ ಒಡಹುಟ್ಟಿದವುಗಳಲ್ಲಿ ಇಂತಹ ಹೋಲಿಕೆಯು ಇರುವುದು ಯುಕ್ತವೇ ಆಗಿದೆ.

ಸಮೀಪದಿಂದ ನೋಡಿದಂತೆಲ್ಲ ಎಳೆಯೊಳಗೆ ಎಳೆ ಕಾಣಿಸತೊಡಗಿತು. 2013ರಲ್ಲಿ ಆಲ್ವಾರೊ ಹಕಾರ್ ಮತ್ತು ಅವರ ಸಂಗಡಿಗರು ವೃಷಭ ರಾಶಿಯ ಆ ಬಾರ್ನಾರ್ಡ್ ತಂತುವನ್ನು ರೇಡಿಯೋ ಅಲೆಗಳಿಂದ ಪರೀಕ್ಷಿಸಿ, ಒಂದೆಂದು ತೋರುವ ಅದರಲ್ಲಿ 35 ಸಣ್ಣ ಎಳೆಗಳಿವೆಯೆಂದು ಕಂಡರು. ಹಗ್ಗವು ಹುರಿಗಳ ಕಟ್ಟಾಗಿರುವಂತೆ ಆ ತಂತುವೂ ಎಳೆಗಳ ಕಟ್ಟು. ಗಂಟುಗಳು ಎಲ್ಲ ಎಳೆಗಳಲ್ಲಿಯೂ ಇಲ್ಲ. ಕೆಲವೇ ಎಳೆಗಳು ಫಲವತ್ತಾಗಿವೆ.

ಅನೇಕ ತಂತುಗಳು ಒಂದು ಕಡೆ ಕೂಡಿದರೆ ಏನಾಗುವುದು? ಹಲವು ಹಳ್ಳಗಳು ಬಂದು ಸೇರುವ ಕೆರೆಯಂತೆ ಆ ಕೂಡಲಿಗೆ ಅನಿಲವು ಎಲ್ಲ ಕಡೆಯಿಂದಲೂ ಹರಿದುಬರುವುದು. ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರವಾದ ಮಹಾನಕ್ಷತ್ರಗಳು ಹುಟ್ಟುವುದು ಇಂತಹ ಕಡೆಗಳಲ್ಲಿಯೇ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, 5,000 ಮೀಟರ್ ಎತ್ತರದಲ್ಲಿ 66 ತಟ್ಟೆಗಳುಳ್ಳ ಒಂದು ರೇಡಿಯೋ ದೂರದರ್ಶಕವಿದೆ. ಅದರಿಂದ 2013ರಲ್ಲಿ ಇಂತಹ ಒಂದು ಕೂಡಲಿಯನ್ನು ನೋಡಿದಾಗ ಅದರ ನಡುವೆ ಸುಮಾರು 500 ಸೂರ್ಯರ ತೂಕದ ಅನಿಲವು ಕೂಡಿಕೊಂಡಿರುವುದು ಕಂಡಿತು. ಮಹಾವ್ಯಾಧ ನೀಹಾರಿಕೆಯ ಹಿಂದೆಯೂ ಇಪ್ಪತ್ತಕ್ಕಿಂತ ಹೆಚ್ಚು ಜ್ಯೋತಿರ್ವರ್ಷಗಳ ಉದ್ದದ ಒಂದು ಮಹಾತಂತುವಿದೆ. ಗಣಿತದಲ್ಲಿ ಬರುವ ಅನುಕಲನದ ಚಿಹ್ನೆಯಂತೆ ಅದು ಬಳುಕಿರುವುದರಿಂದ ಆ ಚಿಹ್ನೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ವಾದವಿವಾದಗಳೂ ಉಳಿದಿವೆಯೆಂಬುದನ್ನು ಮರೆಮಾಡಬಾರದು. 2011ರಲ್ಲಿ ಡೋರಿಸ್ ಅರ್ಜುಮಾನ್ಯನ್ ಮತ್ತು ಸಂಗಡಿಗರು ಸಮೀಪದ ಮೇಘಗಳ ತಂತುಗಳನ್ನು ಅಳೆದು, ಭಾರವು ಎಷ್ಟೇ ಇರಲಿ ಅವುಗಳ ಅಗಲವು ಹೆಚ್ಚುಕಡಿಮೆ ಒಂದೇ, ಎಂದರೆ ಜ್ಯೋತಿರ್ವರ್ಷದ ಮೂರರಲ್ಲಿ ಒಂದು ಪಾಲು, ಸುಮಾರು ಮೂರು ಲಕ್ಷ ಕೋಟಿ ಕಿಲೋಮೀಟರ್ ಎಂದು ಕಂಡರು. ಒಂದೇ ಗಿರಣಿಯಲ್ಲಿ ತೆಗೆದ ನೂಲಿನಂತೆ ಎಲ್ಲವೂ ಒಂದೇ ಅಗಲವಾಗಿರುವುದು ಏಕೆ? ಇದು ಪ್ರಕೃತಿಯ ಧರ್ಮವೆಂದು ಕೆಲವರೂ, ಅಳೆಯುವ ಕ್ರಮದಿಂದಲೂ ದೂರದಿಂದಲೂ ಹಾಗೆ ತೋರುತ್ತಿರಬಹುದೆಂದು ಕೆಲವರೂ ವಾದಿಸುತ್ತಿದ್ದಾರೆ. ದಕ್ಷಿಣಾಕಾಶದ ಮಸ್ಕ ಎಂಬ ಪುಂಜದಲ್ಲಿ ಸೂಜಿಯಂತೆ ನೇರವಾದ ಒಂದು ಮೇಘವಿದೆ. ಕ್ರೀಟ್ ದ್ವೀಪದ ವಿಶ್ವವಿದ್ಯಾಲಯದವರಾದ ಟ್ರಿಟ್ಸಿಸ್ ಮತ್ತು ಟಾಸಿಸ್ ಎಂಬವರು 2018ರಲ್ಲಿ ಅದರ ಕಂಪನಗಳನ್ನು ಗಣಿಸಿ, ಅದು ತಂತುವೇ ಅಲ್ಲ, ಅಂಚಿನ ಕಡೆಯಿಂದ ನಮಗೆ ಕಾಣುತ್ತಿರುವ ಹಾಳೆ ಎಂದರು. ಮಡಿಸದ ಬಟ್ಟೆಯನ್ನು ಅಂಚಿನಿಂದ ನೋಡಿದರೆ ಅದು ನೂಲಿನಂತೆಯೇ ಕಾಣುವುದಷ್ಟೆ! ಅದನ್ನು ಒಪ್ಪದೆ, ಅದು ನಿಜವಾದ ತಂತುವೇ ಎಂದು ಬೇರೆ ಆಧಾರಗಳನ್ನು ತೋರಿಸಿದವರೂ ಇದ್ದಾರೆ. ನಾವು ಭೂಮಿಯನ್ನು ಬಿಟ್ಟು ಆ ಮೇಘವನ್ನು ಸುತ್ತಿಹೋಗಿ ಪಕ್ಕದಿಂದ ನೋಡಲಾರೆವು. ಆದುದರಿಂದ ಗಣಿತವೂ ತಾಳ್ಮೆಯೂ ನಮ್ಮ ಸಾಧನಗಳು. ಬಾರ್ನಾರ್ಡನ ಕಾಲದಲ್ಲಿ ರಂಧ್ರವೋ ಮುಸುಕೋ ಎಂಬ ಸಂಶಯವಿದ್ದಿತು. ನಮ್ಮ ಕಾಲದಲ್ಲಿ ಎಳೆಯೋ ಹಾಳೆಯೋ ಎಂಬ ಸಂಶಯ. ಸಂಶಯವು ಬದಲಾದುದೇ ಜ್ಞಾನವು ಮುಂದೆ ಸಾಗಿದೆಯೆಂಬುದಕ್ಕೆ ಗುರುತು.

ಇನ್ನೊಂದು ಮಾತು. ಇಷ್ಟು ದೊಡ್ಡ ಏರ್ಪಾಡಿನಲ್ಲಿ ನಕ್ಷತ್ರವಾಗುವ ಅನಿಲವು ಬಹಳ ಸ್ವಲ್ಪ. ಮೇಘದ ದ್ರವ್ಯದಲ್ಲಿ ನೂರಕ್ಕೆ ಕೆಲವೇ ಪಾಲು ನಕ್ಷತ್ರಗಳಾಗುವಷ್ಟರಲ್ಲಿ, ಹುಟ್ಟಿದ ಮಹಾನಕ್ಷತ್ರಗಳ ಬಿಸಿಲೂ ಗಾಳಿಯೂ ಉಳಿದ ಮೇಘವನ್ನು ಚದರಿಸಿಬಿಡುವುವು. ನಮ್ಮ ಆಕಾಶಗಂಗೆಯಲ್ಲೆಲ್ಲ ಒಂದು ವರ್ಷಕ್ಕೆ ಹುಟ್ಟುವ ನಕ್ಷತ್ರಗಳ ಒಟ್ಟು ತೂಕವು ಒಬ್ಬಿಬ್ಬರು ಸೂರ್ಯರ ತೂಕದಷ್ಟು ಮಾತ್ರ. ಪ್ರಕೃತಿಯು ತನ್ನ ನೂಲನ್ನು ಒಂದೇ ಸಲಕ್ಕೆ ನೇಯ್ದು ಮುಗಿಸುವುದಿಲ್ಲ. ಚದರಿದ ಅನಿಲವೂ, ಮುಪ್ಪಾದ ನಕ್ಷತ್ರಗಳು ಹಿಂದಿರುಗಿಸಿದ ದ್ರವ್ಯವೂ ಕೂಡಿ ಮತ್ತೆ ಮೇಘವಾಗುವುವು, ಮತ್ತೆ ಎಳೆಯಾಗುವುವು. ನಮ್ಮ ರಕ್ತದಲ್ಲಿನ ಕಬ್ಬಿಣವೂ ಎಲುಬಿನಲ್ಲಿನ ಸುಣ್ಣದ ಅಂಶವೂ ಹೀಗೆ ಹಿಂದಿನ ನಕ್ಷತ್ರಗಳಲ್ಲಿ ಹುಟ್ಟಿ, ಇಂತಹ ಮೇಘದ ಮೂಲಕ ಬಂದುವು. 460 ಕೋಟಿ ವರ್ಷಗಳ ಹಿಂದೆ ನಮ್ಮ ಸೂರ್ಯನು ಹುಟ್ಟಿದ ಮೇಘವು ಇಂದು ಎಲ್ಲಿಯೂ ಉಳಿದಿಲ್ಲ. ಅವನ ಒಡಹುಟ್ಟಿದವರೂ ಆಕಾಶಗಂಗೆಯಲ್ಲಿ ಚದರಿಹೋಗಿದ್ದಾರೆ.

ವಿದ್ಯಾರ್ಥಿಗಳೇ, ಜನವರಿ ತಿಂಗಳ ಸಂಜೆ ಕತ್ತಲಾದ ಮೇಲೆ ಮನೆಯ ಮಾಳಿಗೆಯ ಮೇಲೆ ನಿಂತು ನೋಡಿರಿ. ಕೃತ್ತಿಕೆಯ ಗುಂಪು ನೆತ್ತಿಯ ಕಡೆಗಿರುವುದು. ಅದರ ಹತ್ತಿರ ಕೆಂಪಾದ ರೋಹಿಣಿ. ರೋಹಿಣಿಯು 65 ಜ್ಯೋತಿರ್ವರ್ಷಗಳಷ್ಟು ಸಮೀಪದಲ್ಲಿದೆ. ಅದೇ ದಿಕ್ಕಿನಲ್ಲಿ ಬಹು ಹಿಂದೆ, ಸುಮಾರು 450 ಜ್ಯೋತಿರ್ವರ್ಷಗಳ ದೂರದಲ್ಲಿ, ಬಾರ್ನಾರ್ಡನು ಚಿತ್ರಿಸಿದ ಆ ತಂತುಗಳು ಕತ್ತಲಲ್ಲಿ ಅಡಗಿವೆ. ಅವು ನಿಮ್ಮ ಕಣ್ಣಿಗೆ ಬೀಳಲಾರವು. ಆದರೆ ಪೂರ್ವದಿಕ್ಕಿನಲ್ಲಿ ಮೇಲೇರುತ್ತಿರುವ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ, ಅವನ ಕತ್ತಿಯ ನಡುವೆ, ಮಸುಕಾದ ಒಂದು ಚುಕ್ಕೆಯು ಕಂಡೇ ಕಾಣುವುದು. ಅದೇ ನೀಹಾರಿಕೆ, ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ನಿಮ್ಮ ಕಣ್ಣನ್ನು ಮುಟ್ಟುವ ಆ ಬೆಳಕು ಅಲ್ಲಿಂದ ಹೊರಟು ಸುಮಾರು 1,300 ವರ್ಷಗಳಾದವು. ನಮ್ಮ ನಾಡಿನಲ್ಲಿ ಆಗ ಬಾದಾಮಿಯ ಚಾಳುಕ್ಯರು ಆಳುತ್ತಿದ್ದರು.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಆಕಾಶವನ್ನು ತೋರಿಸಿ, ಆ ಕಪ್ಪಾದ ಕಡೆ ಏನಿದೆ ಎಂದು ಕೇಳಿದರೆ, ಅಲ್ಲಿ ಏನೂ ಇಲ್ಲವೆಂದು ಹೇಳಿ ಮುಗಿಸಬೇಡಿರಿ. ನ್ಯಾಶ್‌ವಿಲ್ಲಿನ ಆ ತಾಯಿಯೂ ಊರಿನವರೂ ಒಬ್ಬ ಬಡಹುಡುಗನ ಕುತೂಹಲವನ್ನು ಆರಗೊಡಲಿಲ್ಲ. ಅದರಿಂದಾಗಿ ಇಂದು ನಾವು ಕತ್ತಲೆಯೊಳಗೆ ನೂಲನ್ನು ಕಾಣುತ್ತಿದ್ದೇವೆ. ನಮ್ಮ ಈ ಶಾಲೆಯ ಮಕ್ಕಳಲ್ಲಿಯೂ ಯಾವ ಎಳೆಯಲ್ಲಿ ಯಾವ ಗಂಟು ಬೆಳಗಲಿರುವುದೆಂಬುದನ್ನು ಯಾರು ಬಲ್ಲರು?